ಒಂದು ಸೇರು ತೌಡು

ನಂಜನಗೂಡು
9-7-1979

ನರ್ಸ್ ಚಲುವಮ್ಮನವರಿಗೆ,

ನಿಮಗೆ ನನ್ನ ಪರಿಚಯವಿಲ್ಲ. ಆದರೆ ನೀವು ನನ್ನ ಮಗಳನ್ನು ಮಲಗಿಸಿದ್ದೀರಿ, ನನ್ನ ಒಲೆಯ ಮೇಲಿನ ಹಾಲು ಇಳಿಸಿದ್ದೀರಿ, ನನಗೆ ಬರಬೇಕಾದ ಬೈಗುಳವನ್ನೂ ತಿಂದಿದ್ದೀರಿ. ಇಷ್ಟಾದ ಮೇಲೆ ಪರಿಚಯವಿಲ್ಲ ಎನ್ನುವುದು ತಪ್ಪೇನೋ.

ನಾನು ಅಂಬುಜಾ. ನಿನ್ನೆ ಟಿ. ನರಸೀಪುರದ ಠಾಣೆಯಲ್ಲಿ ನಿಮ್ಮನ್ನು ನೋಡಿ "ನೀನಿಲ್ಲೇನು ಮಾಡ್ತಿದ್ದೀಯೆ?" ಎಂದು ಗದರಿದ ಗೋಪಾಲಕೃಷ್ಣ ಮೇಷ್ಟ್ರು ನನ್ನ ಯಜಮಾನರು. ಮನೆಗೆ ಬಂದವರು ಚಪ್ಪಲಿಯನ್ನೂ ಬಿಡದೆ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಬೆಳಗಿನಿಂದ ಇಲ್ಲೇ ಇದ್ದೆಯಾ?" ಎಂದರು. ಇದ್ದೆ ಎಂದೆ. ಎರಡು ಚೊಂಬು ನೀರು ಕುಡಿದರು.

ಹೆರಿಗೆಯಾಗಿ ಐದು ತಿಂಗಳಾಯಿತು. ಪುಟ್ಟಿ ಒಂದು ಗಂಟೆ ನೆಟ್ಟಗೆ ಮಲಗಿದ್ದಿಲ್ಲ. ಅವಳು ಮಲಗಿದರೂ ನಾನು ಮಲಗುವುದಿಲ್ಲ; ಉಸಿರಿದೆಯೇ ಎಂದು ಮೂಗಿನ ಮುಂದೆ ಬೆರಳು ಹಿಡಿದು ಕೂರುತ್ತೇನೆ. ಕಳೆದ ಗುರುವಾರ ಮಧ್ಯಾಹ್ನ ಹುಣಿಸೆಹಣ್ಣು ತರಲು ಅಟ್ಟಕ್ಕೆ ಹತ್ತಿದವಳು ಮೂಟೆಗೆ ಒರಗಿ ನಿದ್ದೆ ಹೋದೆ. ಎರಡು ಗಂಟೆ ಕಾಲ. ಗಾಬರಿಯಿಂದ ಇಳಿದು ಬಂದರೆ ಪುಟ್ಟಿ ಬಾಯಿ ತೆರೆದುಕೊಂಡು ಮಲಗಿದ್ದಳು. ಅತ್ತೆ ಲಕ್ಷ್ಮೀದೇವಮ್ಮನವರು, "ಇವತ್ತು ಕೂಸನ್ನ ಸರಿಯಾಗಿ ಎತ್ಕೊಂಡೆ ನೋಡು, ದಿನಾ ಹೀಗೆ ಎತ್ಕೊಂಡ್ರೆ ನಿನ್ನ ಗಂಟೇನು ಹೋಗುತ್ತೆ?" ಎಂದರು. ನಾನು ಎತ್ತಿಕೊಂಡೇ ಇರಲಿಲ್ಲ. ಹಾಲು ಕುಡಿಸುವ ಬೆಳ್ಳಿ ಒಳಲೆಯೂ ಇರಲಿಲ್ಲ. ಅದು ನನ್ನ ತೌರಿನದು, ನಾನೇ ಕುಡಿದು ಬೆಳೆದದ್ದು.

ಬಿ.ಎ.ಯಲ್ಲಿ ನನಗೆ ಮನಃಶಾಸ್ತ್ರವಿತ್ತು. ನಿದ್ದೆಯಲ್ಲಿ ನಡೆಯುವವರ ಬಗ್ಗೆ ಒಂದು ಅಧ್ಯಾಯವೇ ಇತ್ತು. ಮೂರು ದಿನ ನನ್ನ ಕಾಲಿಗೆ ನಾನೇ ಹೆದರಿಕೊಂಡು ಕೂತಿದ್ದೆ. ಸೊಸೆಗೆ ತಲೆ ನೆಟ್ಟಗಿಲ್ಲ ಎಂದಾದರೆ ಮಗುವನ್ನು ಯಾರ ಕೈಗೆ ಕೊಡುತ್ತಾರೆ?

ಹಾಗಾಗಿ ನೀವು ಇದ್ದೀರೆಂದು ತಿಳಿದಾಗ ನನಗೆ ಸಿಟ್ಟು ಬರಲಿಲ್ಲ. ಒಳಲೆ ಕಳುವಾಯಿತೆಂದು ಕೊಟ್ಟ ದೂರು ವಾಪಸು ತೆಗೆದುಕೊಳ್ಳಿ ಎಂದು ಅತ್ತೆಯವರನ್ನು ಬೇಡಿಕೊಂಡೆ. "ನನ್ನ ಸೊಸೆ ಮುಖ ಹಾಕ್ಕೊಂಡು ಮನೆ ಹೊಕ್ಕವಳು ಬರೀ ಕಳ್ಳಿಯಲ್ಲ, ಮಾಟಗಾತಿ" ಎನ್ನುತ್ತಾರೆ.

ಒಂದೇ ಪ್ರಶ್ನೆ. ನೀವು ನಿಜವಾಗಿ ನನ್ನ ಹಾಗೇ ಇದ್ದೀರಾ? ಉತ್ತರವನ್ನು ಆಸ್ಪತ್ರೆಯ ಮೊಹರು ಹಾಕಿ ಕಳಿಸಿ. ಚುಚ್ಚುಮದ್ದಿನ ವಿಷಯ ಎಂದುಕೊಳ್ಳುತ್ತಾರೆ.

ಅಂಬುಜಾ


ಟಿ. ನರಸೀಪುರ
16-7-1979

ಅಂಬುಜಾ ಅವರಿಗೆ ನಮಸ್ಕಾರ.

ಮೊದಲು ಮಗುವಿನ ವಿಷಯ. ಅದಕ್ಕೆ ಹೊಟ್ಟೆಯುಬ್ಬರ. ಮೊಣಕಾಲ ಮೇಲೆ ಬೋರಲು ಹಾಕಿಕೊಂಡು ಬೆನ್ನು ಸವರಿ, ನಾಲ್ಕು ಹನಿ ಓಮಿನ ನೀರು ಕುಡಿಸಿ. ಉಸಿರು ನೋಡುತ್ತಾ ಕೂರಬೇಡಿ. ಅದು ತಾನಾಗಿ ಆಡುತ್ತದೆ.

ಆ ದಿನ ಲಸಿಕೆಯ ಪೆಟ್ಟಿಗೆ ಒಯ್ಯಲು ನಿಮ್ಮೂರಿಗೆ ಬಂದಿದ್ದೆ. ಜಗಲಿಯಿಂದ ನಿಮ್ಮ ಅತ್ತೆ, "ಎಲ್ಲೇ ಅಲೀತಿದ್ದೀ ಬೀದಿ ಬೀದಿ? ಕೂಸು ಕಿರುಚಿ ಕಿರುಚಿ ನೀಲಿ ಆಗ್ತಿದೆ. ನಾನು ಮಡೀಲಿದೀನಿ, ಮುಟ್ಟೋ ಹಾಗಿಲ್ಲ ಅಂತ ಗೊತ್ತಿಲ್ವೇ?" ಎಂದರು. ಕಣ್ಣಲ್ಲಿ ಪೊರೆ ಕಾಣುತ್ತಿತ್ತು. ನಾನಲ್ಲ ಎನ್ನುವಷ್ಟರಲ್ಲಿ ಮಗು ಇನ್ನೊಮ್ಮೆ ಕಿರುಚಿತು. ಒಳಗೆ ಹೋದೆ. ಯೋಚಿಸಿದ್ದರೆ ನಿಮ್ಮಂಥವರ ಹೊಸ್ತಿಲು ದಾಟುತ್ತಿರಲಿಲ್ಲ. ಒಳಲೆ ಮಗುವಿನ ಬಾಯಿ ಒರೆಸಿದ ಬಟ್ಟೆಯಲ್ಲಿ ಸುತ್ತಿಕೊಂಡು ನನ್ನ ಚೀಲ ಸೇರಿದ್ದು ಮನೆಗೆ ಬಂದ ಮೇಲೆ ಕಂಡಿತು.

ಮರುದಿನ ನಾನೇ ಠಾಣೆಗೆ ಒಯ್ದೆ. ದಫೇದಾರ್ ಶಿವಮಲ್ಲಪ್ಪನವರು ಎದ್ದು ಕುರ್ಚಿ ಕೊಟ್ಟರು. ಹೆಸರು, ತಂದೆಯ ಹೆಸರು, ಬೀದಿ ಬರೆದುಕೊಂಡರು. ಬೀದಿ ಬರೆದಾದ ಮೇಲೆ ಪೆನ್ನು ಕೆಳಗಿಟ್ಟು, "ಏನಮ್ಮಿ, ನಿಮ್ ಬೀದಿಯೋರು ಬೆಳ್ಳಿ ತಂದುಕೊಟ್ಟಿದ್ದು ನನ್ ಸರ್ವೀಸ್ನಾಗೇ ಕಂಡಿಲ್ಲ. ಎಷ್ಟು ಕದ್ದು ಇದೊಂದ್ ಕೊಡ್ತಿದ್ದೀಯೆ?" ಎಂದರು. ಕುರ್ಚಿ ಹೋಯಿತು. ಭಾನುವಾರ ನಿಮ್ಮ ಯಜಮಾನರು ಬಂದು "ಇವಳು ನನ್ನ ಹೆಂಡತಿ" ಎಂದರು. ಕುರ್ಚಿ ಬಂತು, ಹಿಂದೆಯೇ ಕಾಫಿ ಬಂತು. "ನಾನು ಮಾರಯ್ಯನ ಮಗಳು ಚಲುವಮ್ಮ" ಎಂದೆ. ಕುರ್ಚಿ ಹೋಯಿತು. ಯಜಮಾನರು ಕನ್ನಡಕ ಒರೆಸಿಕೊಂಡು ಹತ್ತಿರ ಬಂದು, "ಅಂಬುಜಾ, ಅಮ್ಮನ ಜೊತೆ ಜಗಳ ಆಗಿದ್ರೆ ಮನೇಲೇ ಮಾತಾಡೋಣ ಬಾ" ಎಂದರು. ಕುರ್ಚಿ ಮತ್ತೆ ನನ್ನತ್ತ ಹೊರಟಿತು. ಕೊನೆಗೆ ದಫೇದಾರರು ಅದನ್ನು ಅರ್ಧ ದಾರಿಯಲ್ಲಿ ಹಿಡಿದುಕೊಂಡು, "ಸಾ, ನೀವಿಬ್ರೂ ಒಂದ್ ತೀರ್ಮಾನಕ್ಕೆ ಬನ್ನಿ, ನನ್ ಸೊಂಟ ಓಯ್ತದೆ" ಎಂದರು. ಕಾಫಿ ಮಾತ್ರ ವಾಪಸು ಹೋಗಲಿಲ್ಲ. ನಾನಾಗಲೇ ಬಾಯಿ ಹಾಕಿದ್ದೆ.

ನಗು ಬಂದರೆ ನಗಿ. ಆದರೆ ಸೆಪ್ಟೆಂಬರ್ ಹದಿನೇಳಕ್ಕೆ ಕೋರ್ಟು. ಶಿಕ್ಷೆಯಾದರೆ ಕೆಲಸ ಹೋಗುತ್ತದೆ. ನಮ್ಮ ಬೀದಿಯಿಂದ ಸರ್ಕಾರಿ ಕೆಲಸಕ್ಕೆ ಹೋದ ಮೊದಲ ಹೆಂಗಸು ನಾನು.

ನಿಮ್ಮ ಪತ್ರವನ್ನು ನಮ್ಮವ್ವ ಪಾಪಮ್ಮನಿಗೆ ಓದಿ ಹೇಳಿದೆ. ನೀವು ಅಟ್ಟದಲ್ಲಿ ನಿದ್ದೆ ಹೋದ ಜಾಗವನ್ನು ಇನ್ನೊಂದು ಸಲ ಓದಿಸಿದಳು. ಆ ದಿನ ಅವಳು ಉಣ್ಣಲಿಲ್ಲ.

ಚಲುವಮ್ಮ


ನಂಜನಗೂಡು
25-7-1979

ಚಲುವಾ,

ಪಾಪಮ್ಮ ಎಂಬ ಹೆಸರು ಓದಿದ ಮೇಲೆ ನಿನ್ನನ್ನು 'ನೀವು' ಎನ್ನಲಾರೆ.

ನನ್ನ ತೌರು ಬಿಳಿಗೆರೆ ಪಕ್ಕದ ಅಗ್ರಹಾರ. ಅಮ್ಮ ಭಾಗೀರಥಮ್ಮನಿಗೆ ನನಗಿಂತ ಮೊದಲು ಹುಟ್ಟಿದ ನಾಲ್ಕೂ ಹನ್ನೊಂದು ದಿನ ತುಂಬುವ ಮೊದಲೇ ಹೋಗಿದ್ದವು. ಹಾಗಾಗಿ ನಾನು ಹುಟ್ಟಿದಾಗ, ಮಕ್ಕಳು ಉಳಿಯುವ ಮನೆಯವಳಿಗೆ ಕೂಸನ್ನು ಮಾರಿಬಿಡಿ, ಸಾವಿಗೆ ಗುರುತು ಸಿಗುವುದಿಲ್ಲ ಎಂದು ಹಿರಿಯರು ಹೇಳಿದರಂತೆ. ಮೊರದಲ್ಲಿ ಮಲಗಿಸಿ, ಒಂದು ಸೇರು ತೌಡಿಗೆ, ನಮ್ಮ ಗದ್ದೆ ಕೆಲಸದ ಮಾರಯ್ಯನ ಹೆಂಡತಿ ಪಾಪಮ್ಮನಿಗೆ ಮಾರಿದರು. ಅಮ್ಮನಿಗೆ ಬಾಣಂತಿ ಸನ್ನಿ, ಎದೆಯಲ್ಲಿ ಹಾಲಿಲ್ಲ. ಪಾಪಮ್ಮನಿಗೆ ಹೆರಿಗೆಯಾಗಿ ವಾರವೂ ಆಗಿರಲಿಲ್ಲ. ಪುರುಡು ಕಳೆಯುವ ತನಕ ಅಲ್ಲೇ ಇರಲಿ ಎಂದು ಬಿಟ್ಟು, ಹನ್ನೊಂದನೆಯ ದಿನ ತೌಡು ವಾಪಸು ಕೊಟ್ಟು ಕೊಂಡುಕೊಂಡರು. ಊರಲ್ಲಿ ನನ್ನ ಅಡ್ಡಹೆಸರೇ ತೌಡಮ್ಮ. ಪಾಪಮ್ಮ ನರಸೀಪುರಕ್ಕೆ ಹೋದ ಮೇಲೂ ವರ್ಷಕ್ಕೊಮ್ಮೆ ನನ್ನ ಹುಟ್ಟಿದ ದಿನ ನಡೆದು ಬಂದು ಹಿತ್ತಿಲಲ್ಲಿ ನಿಲ್ಲುತ್ತಿದ್ದಳು. ಕೊಬ್ಬರಿ ಸಕ್ಕರೆ ಹಾಕುತ್ತಿದ್ದೆವು.

ಈಗ ಎಲ್ಲ ಹೊಳೆಯುತ್ತಿದೆ. ಅಮ್ಮ ಹೆತ್ತದ್ದು ಇಬ್ಬರನ್ನು. ಒಂದು ಬಡಕಲು, ಉಳಿಯುವುದಿಲ್ಲ ಎಂದು ಕೊಳ್ಳದೆ ಬಿಟ್ಟಿದ್ದಾರೆ. ಅದು ನೀನು. ನೀನು ನಮ್ಮವಳು. ಯಜಮಾನರು ನಿನ್ನ ಮೂಗು, ಮಾತಿನ ಧಾಟಿ ವರ್ಣಿಸಿದಾಗಲೇ ಅಂದುಕೊಂಡೆ, ಅದು ಆ ಬೀದಿಯಲ್ಲಿ ಹುಟ್ಟಿದ ಮುಖವಲ್ಲ ಎಂದು. ಶುದ್ಧಿಗೆ ಶಾಸ್ತ್ರದಲ್ಲಿ ದಾರಿಯಿದೆ. ನಿನ್ನನ್ನು ವಾಪಸು ಕರೆತರುತ್ತೇನೆ.

ಶುದ್ಧಿ ಎಂದರೆ ನೆನಪಾಯಿತು. ನೀನು ಬಂದುಹೋದದ್ದಕ್ಕೆ ಇಲ್ಲಿ ಉಪ್ಪಿನಕಾಯಿ ಭರಣಿಗಳು ಹೊರಗೆ ಹೋದವು, ಹಾಲು ಇಳಿಸಿದ ಇಕ್ಕಳ ಬೆಂಕಿಗೆ ಹೋಯಿತು, ಪುಟ್ಟಿಗೆ ಪಂಚಗವ್ಯ ಸೋಕಿಸಿದರು. ಆ ಹಾಲಿನ ಕಾಫಿಯನ್ನು ಅತ್ತೆ ಎರಡು ಲೋಟ ಕುಡಿದಿದ್ದರು. ಅದಕ್ಕೆ ಏನು ಮಾಡುವುದೆಂದು ಯಾರಿಗೂ ತಿಳಿಯಲಿಲ್ಲ.

ಚಿಕ್ಕಂದಿನಲ್ಲಿ ನಾನು ಚಾಪೆಯ ಅರ್ಧ ಖಾಲಿ ಬಿಟ್ಟು ಮಲಗುತ್ತಿದ್ದೆ. ಅಮ್ಮ ನಡುವಿಗೆ ಎಳೆದಷ್ಟೂ ಅಂಚಿಗೆ ಸರಿಯುತ್ತಿದ್ದೆ. ಯಾರಿಗೆ ಜಾಗ ಬಿಡುತ್ತಿದ್ದೇನೆಂದು ಆಗ ಗೊತ್ತಿರಲಿಲ್ಲ.

ನಿನ್ನ ಅಂಬುಜಾ


ಟಿ. ನರಸೀಪುರ
20-8-1979

ಅಂಬುಜಾ ಅವರಿಗೆ,

ನಿಮ್ಮ ಪತ್ರಕ್ಕೆ ನಾಲ್ಕು ಸಲ ಉತ್ತರ ಬರೆದು ಹರಿದೆ. ಇದು ಐದನೆಯದು, ಚಿಕ್ಕದು.

ನನ್ನನ್ನು ಯಾವ ಕೊಳೆಯಿಂದ ತೊಳೆಯಬೇಕೆಂದಿದ್ದೀರಿ? ನಮ್ಮಪ್ಪ ಎರಡೆಮ್ಮೆ ಮೇಯಿಸಿ ನನ್ನನ್ನು ಓದಿಸಿ ಸತ್ತ. ನಮ್ಮವ್ವ ನನ್ನ ಬಿಳಿ ಸೀರೆಯನ್ನು ಹೊಳೆಯಲ್ಲಿ ಒಗೆದು ಗಂಜಿ ಹಾಕಿ ಕೊಡುತ್ತಾಳೆ. ನನ್ನನ್ನು ಯಾರೂ ಕಳೆದುಕೊಂಡಿಲ್ಲ, ಹುಡುಕಿ ತರಲು.

ನನ್ನ ಮುಖ ಈ ಬೀದಿಯದಲ್ಲ ಎಂದು ಬರೆದಿದ್ದೀರಿ. ಅವ್ವನಿಗೆ ಆ ಸಾಲು ಓದಿ ಹೇಳಲಿಲ್ಲ.

ಮಗು ಮಲಗುತ್ತಿದೆಯೇ?

ಚಲುವಮ್ಮ


ನಂಜನಗೂಡು
1-9-1979

ಚಲುವಾ,

ಮಲಗುತ್ತಿದೆ. ನಾನು ಮಲಗುತ್ತಿಲ್ಲ.

ಬರೆದದ್ದನ್ನು ಅಳಿಸಲಾಗುವುದಿಲ್ಲ. ಆ ಸಾಲನ್ನು ಎಷ್ಟು ಖುಷಿಯಿಂದ ಬರೆದಿದ್ದೆ ಎಂಬುದೇ ಈಗ ನಾಚಿಕೆ. ನಿನ್ನನ್ನು ಎಲ್ಲಿಗೂ ಕರೆತರುವುದಿಲ್ಲ. ನೀನು ಇರುವಲ್ಲಿಗೆ ನಾನು ಒಂದು ಸಲ ಬರಲೇ?

ಹದಿನೇಳನೆಯ ತಾರೀಕು ಅತ್ತೆಯವರದ್ದೇ ಸಾಕ್ಷಿ, ಬೇರೆ ಯಾರೂ ಇಲ್ಲ. ಕಳ್ಳಿಯನ್ನು ತೋರಿಸಿ ಎಂದು ಕೋರ್ಟು ಕೇಳುತ್ತದೆ. ತೋರಿಸಲಿ. ಆದರೆ ಅವರು ತೋರಿಸುವುದು ನನ್ನನ್ನಾದರೆ? ನಿನ್ನ ಬಿಳಿ ಸೀರೆ ಇನ್ನೊಂದಿದೆಯಲ್ಲ, ತೆಗೆದುಕೊಂಡು ಬೆಳಿಗ್ಗೆ ಒಂಬತ್ತಕ್ಕೆ ಸಂಗಮದ ಮೆಟ್ಟಿಲ ಹತ್ತಿರ ಬಾ. ಕಾಲು ತೊಳೆದು ಬರುತ್ತೇನೆಂದು ಹೇಳಿ ಬರುತ್ತೇನೆ. ನನ್ನ ಸೀರೆ ನೀನು ಉಡು, ಪುಟ್ಟಿಯನ್ನು ಎತ್ತಿಕೋ. ಇದೂ ಅಪರಾಧವೇ ಇರಬಹುದು. ನಾನು ಕಾನೂನು ಓದಿಲ್ಲ, ಮನಃಶಾಸ್ತ್ರ ಓದಿದ್ದೇನೆ.

ನನ್ನನ್ನು ಮನೆಯಿಂದ ಹೊರಗೆ ಹಾಕಬಹುದು. ಅದನ್ನು ಯೋಚಿಸಿಯೇ ಬರೆಯುತ್ತಿದ್ದೇನೆ.

ಅಂಬುಜಾ


ಟಿ. ನರಸೀಪುರ
23-9-1979

ಅಂಬುಜಾ ಅವರಿಗೆ,

ಹೊಳೆಯ ಮೆಟ್ಟಿಲ ಮೇಲಿನ ಹತ್ತು ನಿಮಿಷದ ಬಗ್ಗೆ ಏನೂ ಬರೆಯುವುದಿಲ್ಲ. ನೀವು ನನ್ನ ಸೀರೆಯ ನೆರಿಗೆ ಸರಿಮಾಡಿದಿರಿ. ಅಷ್ಟು ಸಾಕು.

ಅವ್ವ ಕೋರ್ಟಿನೊಳಗೆ ಬರಲಿಲ್ಲ, ಹೊಂಗೆ ಮರದ ಕೆಳಗೆ ಕೂತಿದ್ದಳು. ಮನೆಗೆ ಬಂದು ಅವಳಿಗೆ ಎಲ್ಲವನ್ನೂ ನಟಿಸಿ ತೋರಿಸಿದೆ. ನಿಮ್ಮ ಅತ್ತೆ ಕಟಕಟೆಯಲ್ಲಿದ್ದ ನಿಮ್ಮತ್ತ ಕೈನೀಡಿ, "ಇವಳೇ. ನೂರು ಜನದ ಮಧ್ಯೆ ನಿಲ್ಲಿಸಿದ್ರೂ ಹಿಡೀತೀನಿ. ಮುಖ ನೋಡಿದ್ರೆ ಗೊತ್ತಾಗೋಲ್ವೇ, ಯಾವ ಕೇರಿಯವಳು ಅಂತ?" ಎಂದದ್ದು. ನಿಮ್ಮ ಸೊಸೆಗೂ ಇವಳಿಗೂ ಏನು ವ್ಯತ್ಯಾಸ ಎಂದು ಮ್ಯಾಜಿಸ್ಟ್ರೇಟರು ಕೇಳಿದಾಗ, ಮಗು ಎತ್ತಿಕೊಂಡು ಕೂತಿದ್ದ ನನ್ನ ಕಡೆ ತಿರುಗಿ, "ಎಲ್ಲಿಂದೆಲ್ಲಿಗೆ ಸ್ವಾಮಿ. ಕೂತಿರೋ ಠೀವಿ ನೋಡಿ. ವೇದ ಕೇಳಿ ಬೆಳೆದ ಮನೆ ಹುಡುಗಿ" ಎಂದದ್ದು. ನೀವು ಕಟಕಟೆಯಿಂದ, "ಅಮ್ಮಾ, ಬೆಳಿಗ್ಗೆ ಕಾಫಿಗೆ ಸಕ್ಕರೆ ಜಾಸ್ತಿ ಅಂತ ಬೈದಿರಲ್ಲ, ಆ ಅಂಬುಜಾ ನಾನು" ಎಂದದ್ದು. ದಫೇದಾರರು ಅಭ್ಯಾಸಬಲದಿಂದ ಕುರ್ಚಿ ತರಲೆದ್ದು, ಯಾರಿಗೆಂದು ತಿಳಿಯದೆ ತಾವೇ ಕೂತದ್ದು. ಸೊಸೆಯನ್ನೇ ಗುರುತಿಸದ ಸಾಕ್ಷಿ ಕಳ್ಳಿಯನ್ನೇನು ಗುರುತಿಸೀತು ಎಂದು ಕೇಸು ವಜಾ ಆದದ್ದು. ಈ ಮುಖ ಇನ್ನೊಮ್ಮೆ ನನ್ನ ಕೋರ್ಟಿಗೆ ಬಂದರೆ ಇಬ್ಬರನ್ನೂ ಒಳಗೆ ಹಾಕುತ್ತೇನೆ ಎಂದದ್ದು.

ಅವ್ವ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಆಮೇಲೆ ನಗು ನಿಂತಿತು, ನೀರು ನಿಲ್ಲಲಿಲ್ಲ. "ಮಕ ನೋಡಿದ್ರೆ ಗೊತ್ತಾಗೋಲ್ವೇ ಅಂದ್ರಾ ಆಯಮ್ಮ? ಅರೀದೆ ಸರಿಯಾಗೇ ಅಂದವ್ರೆ ಕಣ್ ಮಗ. ಇನ್ ಮುಚ್ಚಿಡಬ್ಯಾಡ, ಬರದ್ಬುಡು" ಎಂದಳು.

ಬರೆಯುತ್ತೇನೆ. ಇದು ನನಗೆ ಜುಲೈನಿಂದಲೇ ಗೊತ್ತು. ನೀನು ಶುದ್ಧಿಯ ಮಾತು ಬರೆದಾಗ ಸಿಟ್ಟಿನಲ್ಲಿ ಮುಖಕ್ಕೆ ಎಸೆದುಬಿಡೋಣ ಅನ್ನಿಸಿತ್ತು. ಹರಿದ ನಾಲ್ಕು ಪತ್ರದಲ್ಲೂ ಅದೇ ಇತ್ತು. ನಿನ್ನ ಮನೆ, ನಿನ್ನ ಮಗು ನೆನಪಾಗಿ ಹರಿದೆ. ಅವ್ವ ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

"ಏಳ್ನೇ ದಿನ ಭಾಗೀರಥಮ್ಮೋರ ಕೂಸು ತಣ್ಣಗಾಗೋಯ್ತು. ನನ್ ಎದೇಲಿ ಆಲಿತ್ತು, ಅದ್ಕೆ ಕುಡಿಯಾ ಸಕ್ತಿ ಇರ್ನಿಲ್ಲ. ಕೇರಿಯೋರು ಕೂಸ್ನ ಕೊಂದ್ರು ಅಂತಾರೆ ಅಂತ ನಿಮ್ಮಪ್ಪ ನಡುಗ್ಬುಟ್ಟ. ಆಯಮ್ಮ ಸನ್ನೀಲೂ ನನ್ ಮಗ ಉಳೀತಾ ಅಂತ ಕೇಳ್ ಕಳಿಸ್ತಿತ್ತು. ನನ್ತಾವ ಎಲ್ಡಿದ್ವು. ಅನ್ನೊಂದ್ನೇ ದಿನ ಹಿತ್ಲಲ್ಲಿ ಮೊರ ಇಟ್ಟು ದೂರ ನಿಂತ್ಕಂಡೆ. ಯಾರೂ ಬಗ್ಗಿ ಮಕ ನೋಡ್ನಿಲ್ಲ. ಮೈಲಿಗೆ ಅಂತ ಮೊದ್ಲು ನೀರುಯ್ದ್ರು. ತೌಡ ನೆಲಕ್ಕೆ ಸುರುದ್ರು. ನನ್ ಮಗೀನ್ ಕೊಟ್ಟು, ನನ್ ತೌಡ್ನೇ ಬಾಚ್ಕಂಡ್ ಬಂದೆ."

ಕೇರಿಗೆಲ್ಲ ಗೊತ್ತಿತ್ತಂತೆ. ನಮ್ಮ ಗುಡಿಸಲಲ್ಲಿ ಹುಟ್ಟಿದ್ದು ಒಂದೋ ಎರಡೋ ಎಂದು ಅಗ್ರಹಾರದಿಂದ ಯಾರೂ ಕೇಳಲಿಲ್ಲ. ಮುಖ ಒಂದೇ ಎಂದು ಕಾಣುವ ಮೊದಲೇ ಅಪ್ಪ ಊರು ಬಿಟ್ಟ. ಅವ್ವ ವರ್ಷಕ್ಕೊಮ್ಮೆ ಅಲ್ಲಿಗೆ ಹೋಗುವಾಗ ನನ್ನನ್ನು ಒಮ್ಮೆಯೂ ಕರೆದೊಯ್ಯಲಿಲ್ಲ. ತಂದ ಕೊಬ್ಬರಿ ಸಕ್ಕರೆಯನ್ನು ತಿನ್ನಲೂ ಕೊಡುತ್ತಿರಲಿಲ್ಲ, ಇರುವೆ ಹತ್ತುವ ತನಕ ಗಡಿಗೆಯಲ್ಲಿ ಇಟ್ಟುಕೊಂಡಿರುತ್ತಿದ್ದಳು.

ಎರಡರಲ್ಲಿ ನನ್ನನ್ನೇ ಯಾಕೆ ಇಟ್ಟುಕೊಂಡೆ ಎಂದು ಕೇಳಿದೆ. "ನೀನು ಅಳ್ತಿದ್ದೆ. ಅವ್ಳು ಮಲ್ಗಿದ್ಲು. ಅಳಾ ಕೂಸ್ನ ಕೆಳೀಕ್ ಇಡಾಕಾಯ್ತದಾ? ಮಲ್ಗಿದ್ದುದ್ನ ಕೊಟ್ಬುಟ್ಟೆ" ಎಂದಳು.

ಈ ಪತ್ರವನ್ನು ಸುಟ್ಟುಬಿಡು. ನಿನ್ನ ಮನೆಯಲ್ಲಿ ಏನೂ ಬದಲಾಗಬೇಕಿಲ್ಲ.

ಚಲುವ


ನಂಜನಗೂಡು
5-11-1979

ಪತ್ರ ಸಿಕ್ಕಿತು. ಸುಟ್ಟಿಲ್ಲ.

ಅಂ.


ಟಿ. ನರಸೀಪುರ
10-1-1980

ಅಂಬುಜಾ,

ನಿನ್ನನ್ನು ಒತ್ತಾಯಿಸಲು ಬರೆಯುತ್ತಿಲ್ಲ. ಅವ್ವ ದಿನಾ ಹತ್ತು ಗಂಟೆಗೆ ಬಾಗಿಲಲ್ಲಿ ಕೂತು ಅಂಚೆಯವನನ್ನು ಕೇಳುತ್ತಾಳೆ. "ಅಜ್ಜಿ, ನಿಂಗ್ಯಾರ್ ಕಾಗ್ದ ಬರೀತಾರೆ?" ಎಂದು ಅವನು ನಗುತ್ತಾನೆ. ಅವಳು ಯಾರೆಂದು ಹೇಳುವುದಿಲ್ಲ.

ಚಲುವ


ನಂಜನಗೂಡು
2-3-1980

ಚಲುವಾ,

ಈ ಪತ್ರವನ್ನು ಅವ್ವನಿಗೆ ಪೂರ್ತಿ ಓದಿ ಹೇಳು. ಯಾವ ಸಾಲನ್ನೂ ಬಿಡಬೇಡ.

ಇಷ್ಟು ತಿಂಗಳು ಏನು ಮಾಡಿದೆ? ಅಡುಗೆ ಮಾಡಿದೆ. ಕನ್ನಡಿಯಲ್ಲಿ ಏನು ಬದಲಾಗಿದೆ ಎಂದು ಹುಡುಕಿದೆ. ಏನೂ ಬದಲಾಗಿರಲಿಲ್ಲ, ಅದೇ ಹೆದರಿಕೆಯಾಯಿತು. ಅತ್ತೆಯವರಿಗೆ ಬಡಿಸುವಾಗ ಸೌಟು ಎಲೆಗೆ ಸೋಕದ ಹಾಗೆ ಮೇಲಿನಿಂದ ಹಾಕುತ್ತಿದ್ದೆ. ಅವರು ಮಾತ್ರ, "ಆ ಮಾಟಗಾತಿ ಪೀಡೆ ತೊಲಗಿದ ಮೇಲೆ ನಿನ್ನ ಕೈ ಹದ ಬಂದಿದೆ ಕಣೆ" ಎನ್ನುತ್ತಾ ಎರಡನೆಯ ಸಲ ಸಾರು ಹಾಕಿಸಿಕೊಳ್ಳುತ್ತಿದ್ದರು. ಕೋರ್ಟಿನ ವಿಷಯ ಬಂದರೆ ಎಲ್ಲ ಗೊತ್ತಿದ್ದೇ ಹಾಗೆ ಹೇಳಿದೆ ಎನ್ನುತ್ತಾರೆ. ಒಳಲೆಯನ್ನು ಕೋರ್ಟು ವಾಪಸು ಕೊಟ್ಟರೂ ಒಳಗೆ ತರಲು ಬಿಟ್ಟಿಲ್ಲ. ಜಗಲಿಯ ಗೂಡಿನಲ್ಲಿ ಕಪ್ಪಾಗುತ್ತಾ ಕೂತಿದೆ. ಒಳಲೆಗೆ ಇಲ್ಲದ ಪ್ರವೇಶ ನನಗೆ ಇದೆಯಲ್ಲ ಎಂದು ದಿನಾ ಹಾಯುವಾಗ ಅನ್ನಿಸುತ್ತದೆ.

ಮೊದಲ ತಿಂಗಳು ನನಗೆ ಬಂದದ್ದು ದುಃಖವಲ್ಲ, ಅಸಹ್ಯ. ನನ್ನ ಕೈಯ ಮೇಲೆ ನನಗೇ. ಓದಿದವಳು ನಾನು. ಆದರೂ ಬಂತು. ಅದನ್ನು ನಿನ್ನಿಂದ ಮುಚ್ಚಿಟ್ಟು ಬರುವುದು ಬೇಡ ಎಂದು ಬರೆದಿದ್ದೇನೆ.

ಆಮೇಲೆ ಹಿತ್ತಿಲು ನೆನಪಾಯಿತು. ಕೊಬ್ಬರಿ ಸಕ್ಕರೆಯನ್ನು ನಾನೇ ಹಾಕುತ್ತಿದ್ದೆ, ಸೋಕದ ಹಾಗೆ, ಮೆಟ್ಟಿಲ ಮೇಲಿಂದ. ಬೇರೆ ಆಳುಗಳು ಸೆರಗನ್ನು ಸೊಂಟದ ಹತ್ತಿರ ಒಡ್ಡುತ್ತಿದ್ದರು. ಅವ್ವ ಮಾತ್ರ ಎರಡೂ ಕೈ ಎತ್ತಿ, ತನ್ನ ಗಲ್ಲದ ಮಟ್ಟಕ್ಕೆ, ನನ್ನ ಬೆರಳಿನ ಹತ್ತಿರಕ್ಕೆ ಒಡ್ಡುತ್ತಿದ್ದಳು. ಆಸೆಬುರುಕಿ ಎಂದು ನಾವು ನಗುತ್ತಿದ್ದೆವು. ಅವಳು ಕೈಯನ್ನು ಅಷ್ಟು ಎತ್ತರಕ್ಕೆ ತರುತ್ತಿದ್ದುದು ಯಾತರ ಆಸೆಗೆ ಎಂದು ಈಗ ಗೊತ್ತಾಗಿದೆ. ಹಾಗೆ ಹದಿನೆಂಟು ವರ್ಷ.

ಮೊನ್ನೆ ಯಜಮಾನರಿಗೆ ಹೇಳಿದೆ. ಬಹಳ ಹೊತ್ತು ಕನ್ನಡಕ ಒರೆಸಿದರು. "ಪ್ರಪಂಚದಲ್ಲಿ ಒಂದೇ ಥರ ಏಳು ಜನ ಇರ್ತಾರಂತೆ ಕಣೆ. ಅಮ್ಮ ಇರೋ ತನಕ ಹಾಗೇ ಇರಲಿ" ಎಂದರು.

"ಆ ಏಳರಲ್ಲಿ ಒಬ್ಬಳನ್ನ ನೋಡೋಕೆ ಬುಧವಾರ ಹೋಗ್ತೀನಿ, ಮಗು ಕರ್ಕೊಂಡು. ಎಲ್ಲಿಗೆ ಅಂತ ಅಮ್ಮ ಕೇಳಿದ್ರೆ ಸುಳ್ಳು ಹೇಳೋಲ್ಲ" ಎಂದೆ.

"ಸಂಜೆಗೆ ಬರ್ತೀಯಾ?"

"ಬಾಗಿಲು ತೆಗೆದಿದ್ರೆ ಬರ್ತೀನಿ."

ಇವತ್ತು ಬೆಳಿಗ್ಗೆ ನನ್ನ ತಲೆದಿಂಬಿನ ಕೆಳಗೆ ಒಂದು ಚೀಟಿ ಇತ್ತು, ಬಸ್ಸಿನ ವೇಳೆ ಬರೆದದ್ದು. ಹೋಗುವ ಬಸ್ಸಿನದು ಒಂದು. ವಾಪಸು ಬರುವ ಬಸ್ಸಿನದು ಮೂರು.

ಬುಧವಾರ ಹತ್ತರ ಬಸ್ಸಿಗೆ ಹೊರಡುತ್ತೇನೆ. ಒಳಲೆಯನ್ನು ಗೂಡಿನಿಂದ ತೆಗೆದು ತೊಳೆದಿದ್ದೇನೆ. ದಾರಿಯಲ್ಲಿ ಪುಟ್ಟಿಗೆ ಅದರಲ್ಲೇ ಹಾಲು. ಒಂದು ಸೇರು ತೌಡು ಎತ್ತಿಟ್ಟಿರಲು ಅವ್ವನಿಗೆ ಹೇಳು. ಹೋದ ಸಲ ಕೊಂಡದ್ದು ವಾಪಸಾಯಿತಲ್ಲ, ಮತ್ತೆ ಕೊಳ್ಳಲಿ. ಮೊರದಲ್ಲಿ ಮಾತ್ರ ನಾನು ಹಿಡಿಸುವುದಿಲ್ಲ. ಕೊಬ್ಬರಿ ಸಕ್ಕರೆಯನ್ನು ಈ ಸಲ ಬಾಯಿಗೇ ಹಾಕುತ್ತೇನೆ.

ಬಂದವಳು ಮಾತಾಡುತ್ತೇನೋ ಇಲ್ಲವೋ ಗೊತ್ತಿಲ್ಲ. ಸುಸ್ತಾಗಿದೆ ಚಲುವಾ. ನಿನ್ನ ಚಾಪೆಯಲ್ಲಿ ಅರ್ಧ ಜಾಗ ಬಿಡು, ಊಟಕ್ಕೂ ಎಬ್ಬಿಸಬೇಡ. ಮಲಗಿದ್ದಾಳೆಂದು ಯಾರಿಗೂ ಕೊಟ್ಟುಬಿಡಬೇಡ ಎಂದು ಅವ್ವನಿಗೆ ಹೇಳು.

ಅಂಬುಜಾ